ಟವೆಲ್ ಕೆಳಗಿನ ವ್ಯಾಪಾರ

ಪೆದ್ದಕಡುಬೂರಿನ ಹೊನ್ನೂರಪ್ಪನಿಗೆ ಈ ಭೂಲೋಕದಲ್ಲಿ ಒಂದೇ ಒಂದು ದುಃಖ. ಹಾಲಹರವಿಯಿಂದ ಪತ್ತಿಕೊಂಡದವರೆಗೆ ದನದ ದಲಾಲಿ ಎಂದರೆ ಎಲ್ಲರ ಬಾಯಲ್ಲಿ ಅವನದೇ ಹೆಸರು, ಮನೆಯಲ್ಲಿ ಮಾತ್ರ ಒಂದು ಕಟ್ಟು ಕೊತ್ತಂಬರಿ ತರುವ ಅಧಿಕಾರವೂ ಅವನಿಗಿಲ್ಲ. ಹಿಂದೊಮ್ಮೆ ಆದೋನಿಯಲ್ಲಿ 'ಅರ್ಧಕ್ಕೆ ಅರ್ಧ ರೇಟು' ಎಂದು ಒಂದು ಮಿಕ್ಸಿ ತಂದಿದ್ದ. ಅದು ಊರು ಎಬ್ಬಿಸುವಂತೆ ಗರ್ಜಿಸುತ್ತಿತ್ತು, ಒಳಗಿನ ಕೊಬ್ಬರಿ ಮಾತ್ರ ಹಾಕಿದ ಹಾಗೇ ಇರುತ್ತಿತ್ತು. ಅಂದೇ ಹೆಂಡತಿ ಆದಿಲಕ್ಷ್ಮಿ ಸರ್ವಾನುಮತದಿಂದ (ಅಂದರೆ ಒಬ್ಬಳೇ) ನಿರ್ಣಯ ಅಂಗೀಕರಿಸಿದಳು.

"ನಿಮ್ಮ ಬೆರಳಿನ ಆಟ ಎತ್ತಿನ ಮುಂದಷ್ಟ ನಡೀತೈತಿ. ಮನಿ ಸಾಮಾನು ನಾ ತರ್ತೀನಿ, ನೀವು ಚೀಲ ಹಿಡೀರಿ."

ಹೀಗೆ ಚೀಲ ಹಿಡಿದು ಹಿಡಿದು ಬೇಸತ್ತಿದ್ದ ಹೊನ್ನೂರಪ್ಪನಿಗೆ ಹೈದರಾಬಾದಿನಲ್ಲಿ ಅದೃಷ್ಟ ಕಣ್ಣು ಬಿಟ್ಟಿತು. ಅಲ್ಲಿ ನರ್ಸ್ ಆಗಿರುವ ಮಗಳು ಶಿರೀಷಾ, ನೋಡಲು ಬಂದ ಅಪ್ಪ ಅಮ್ಮನಿಗೆ ಭಾನುವಾರ ಹೇಳಿದಳು: "ಅಪ್ಪಾ, ಇಲ್ಲೊಂದು ಫ್ಲೀ ಮಾರ್ಕೆಟ್ ಐತಿ. ಬರೇ ಹಳೇ ಸಾಮಾನು, ಮತ್ತ ತಿನ್ನಾದು. ಹೋಗೋಣು."

"ಅಂದ್ರ ಸಂತಿ!" ಎಂದು ಹೊನ್ನೂರಪ್ಪ ಮೀಸೆ ತಿರುವಿದ. "ಲಕ್ಷ್ಮೀ, ಇವತ್ತು ನೀನು ಸುಮ್ಮನ ನಿಂತು ನೋಡು. ಸಂತಿಯೊಳಗ ನಾ ವ್ಯಾಪಾರ ಮಾಡಿ ಒಂದು ಸಾಮಾನು ತರ್ತೀನಿ. ಗೆದ್ರ, ನಾಳಿಂದ ಮನಿ ರೊಕ್ಕದ ಸಂಚಿ ನನ್ನ ಕೈಯಾಗ."

"ಸೋತ್ರ?"

"ಸೋಲಾದು ನಮ್ಮ ವಂಶದಾಗ ಇಲ್ಲ."

"ಮಿಕ್ಸಿ ಇನ್ನಾ ಅಟ್ಟದ ಮ್ಯಾಲ ಐತಿ," ಎಂದಳು ಆದಿಲಕ್ಷ್ಮಿ.

ಸಂತೆ ಏನೋ ಸಂತೆಯೇ, ಆದರೆ ಒಳಗೆ ಹೋಗಲು ಟಿಕೆಟ್ಟು! ಮುರುಕು ಕುರ್ಚಿ, ತುಕ್ಕು ಹಿಡಿದ ಕಂದೀಲು, ಹಾಡದ ರೇಡಿಯೊ ಎಲ್ಲವೂ ಲೈಟಿನ ಸರ ಹಾಕಿಕೊಂಡು ಮದುಮಕ್ಕಳ ಹಾಗೆ ಕುಳಿತಿದ್ದವು. ತಿಂಡಿಯ ಕಡೆ ಹೋದರೆ, ಮಣೆಯ ಮೇಲೆ ಎರಡೇ ಎರಡು ಮಿರ್ಚಿ ಬಜ್ಜಿ ಮಲಗಿಸಿ, ಪಕ್ಕಕ್ಕೊಂದು ಪುದೀನ ಎಲೆ ಇಟ್ಟು, ನೂರಾ ಅರವತ್ತು ರೂಪಾಯಿ ಎಂದರು.

"ಇಷ್ಟು ರೊಕ್ಕಕ್ಕ ನಮ್ಮ ಆದೋನ್ಯಾಗ ಮಂಡಕ್ಕಿ ಒಗ್ಗರಣಿ, ಮಿರ್ಚಿ ತಿಂದು ಇಡೀ ಓಣಿ ಕೈ ತೊಳೀತೈತಿ!" ಎಂದು ಆದಿಲಕ್ಷ್ಮಿ ಗದರಿದಳು. ಗದರುತ್ತಲೇ ಎರಡೂ ಬಜ್ಜಿಯನ್ನು ಅವಳೇ ತಿಂದಳು. ಹೊನ್ನೂರಪ್ಪನ ಪಾಲಿಗೆ ಪುದೀನ ಎಲೆ ಉಳಿಯಿತು.

ಅದನ್ನು ಅಗಿಯುತ್ತ ತಿರುಗಿದವನ ಕಾಲು ಒಂದು ಅಂಗಡಿಯ ಮುಂದೆ ನಿಂತೇಬಿಟ್ಟಿತು. ಅಲ್ಲಿ ಒಂದು ಎತ್ತಿನ ಕೊರಳಗಂಟೆ ತೂಗುತ್ತಿತ್ತು. ಕಂಚಿನದು, ಹಳೇ ಚರ್ಮದ ಪಟ್ಟಿ ಸಮೇತ. ಬೆರಳಿನಿಂದ ತಟ್ಟಿದ. ಎಂಥ ನಾದ! ಊರಲ್ಲಿ ಈಗ ಮನೆಗೊಂದು ಟ್ರ್ಯಾಕ್ಟರು, ಎತ್ತಿನ ಜೋಡಿ ಹುಡುಕಿದರೂ ನಾಲ್ಕು ಸಿಗುವುದಿಲ್ಲ. ಕಟ್ಟಲು ಎತ್ತಿಲ್ಲದಿದ್ದರೂ ಆ ಗಂಟೆ ಅವನಿಗೆ ಬೇಕೇ ಬೇಕಾಗಿತ್ತು.

"ಎಷ್ಟಮ್ಮಾ?"

ಅಂಗಡಿಯ ಹುಡುಗಿಗೆ ಇಪ್ಪತ್ತು ದಾಟಿದ್ದರೆ ಹೆಚ್ಚು. "ನಾಲುಗು ವೇಲ ಐದೊಂದಲು ಅಂಕುಲ್. ವಿಂಟೇಜ್. ಫಿಕ್ಸ್ಡ್ ರೇಟ್."

ನಾಲ್ಕೂವರೆ ಸಾವಿರ! ಹೊನ್ನೂರಪ್ಪ ನಕ್ಕ. ಹೆಗಲ ಮೇಲಿನ ಕೆಂಪು ಟವೆಲ್ ತೆಗೆದ, ಕೊಡವಿದ, ಬಲಗೈ ಮೇಲೆ ಗಂಭೀರವಾಗಿ ಹೊದಿಸಿದ. ಹುಡುಗಿ, ಇವನೇನೋ ಪಾರಿವಾಳ ತೆಗೆಯುತ್ತಾನೆ ಎಂದುಕೊಂಡು ಕಣ್ಣರಳಿಸಿದಳು.

"ನಮ್ಮ ಕಡಿ ವ್ಯಾಪಾರ ಹಿಂಗ," ಎಂದು ಹೊನ್ನೂರಪ್ಪ ಅರ್ಧ ತೆಲುಗಿನಲ್ಲಿ, ಅರ್ಧ ಕನ್ನಡದಲ್ಲಿ ಉಪನ್ಯಾಸ ಕೊಟ್ಟ. "ಟವೆಲ್ ಕೆಳಗ ಇಬ್ರೂ ಕೈ ಇಡಾದು. ಒಂದು ಬೆರಳು ಹಿಡಿದ್ರ ಸಾವಿರ, ಅರ್ಧ ಬೆರಳು ಐನೂರು. ಬಾಯಿ ಬಿಡಂಗಿಲ್ಲ. ಕುದುರಿದ ರೇಟು ಯಾರ ಮುಂದೂ, ಹಡೆದ ತಾಯಿ ಮುಂದೂ ಹೇಳಂಗಿಲ್ಲ. ಅದು ಧರ್ಮ!"

"ವಾವ್!" ಎಂದ ಹುಡುಗಿ ತೋಳೇರಿಸಿ ಟವೆಲ್ ಕಡೆ ಕೈ ಚಾಚಿಯೇಬಿಟ್ಟಳು. ಸುತ್ತ ಜನ ಸೇರಿದರು, ಹತ್ತಾರು ಫೋನು ಮೇಲೆದ್ದವು.

ಆಗ ಹೊನ್ನೂರಪ್ಪನಿಗೆ ಹೊಳೆಯಿತು. ಮೂವತ್ತು ವರ್ಷದ ದಲಾಲಿಯಲ್ಲಿ ಅವನು ಟವೆಲ್ ಕೆಳಗೆ ಹಿಡಿದದ್ದೆಲ್ಲ ಗಡ್ಡ ಮೀಸೆಯವರ ಕೈ. ಮಗಳಿಗಿಂತ ಚಿಕ್ಕ ಹುಡುಗಿಯ ಕೈಯನ್ನು, ಅದೂ ಬಟ್ಟೆ ಮುಚ್ಚಿ, ಅದೂ ಹೆಂಡತಿಯ ಎದುರಿಗೆ! ಅವನು ಟವೆಲ್ ಸಮೇತ ಕೈ ಹಿಂದಕ್ಕೆಳೆದುಕೊಂಡ.

"ಹಿಡೀರಿ," ಎಂದಳು ಆದಿಲಕ್ಷ್ಮಿ ಬಹಳ ಮೆತ್ತಗೆ. "ಯಾಕ ನಿಂತ್ರಿ? ಹಿಡೀರಿ ನೋಡಣು."

"ಅಲ್ಲೇ ಲಕ್ಷ್ಮೀ, ಅದು..."

"ತರ್ರಿ ಇಲ್ಲಿ ಟವೆಲ್!"

ಬೇರೆ ದಾರಿ ಇರಲಿಲ್ಲ. ಹೊನ್ನೂರಪ್ಪ ಹೆಂಡತಿಯ ಕಿವಿಯಲ್ಲಿ ಪಿಸುಗುಟ್ಟಿದ: "ನಾ ಹೇಳ್ದಂಗ ಮಾಡು. ಎರಡು ಬೆರಳು. ಜೀವ ಹೋದ್ರೂ ಮೂರನೇದು ಮುಟ್ಟಬ್ಯಾಡ. ವ್ಯಾಪಾರ ನಂದು, ಕೈ ಅಷ್ಟ ನಿಂದು."

ಟವೆಲ್ ಕೆಳಗೆ ಎರಡು ಕೈ ಸೇರಿದವು. ಟವೆಲ್ ಅಲುಗಾಡಿತು. ಹುಡುಗಿ ತಲೆ ಅಲ್ಲಾಡಿಸಿದಳು. ಆದಿಲಕ್ಷ್ಮಿ ಮುಖ ಸೊಟ್ಟ ಮಾಡಿದಳು. ಹುಡುಗಿ ಕಿಸಕ್ಕನೆ ನಕ್ಕಳು, ಇವಳೂ ನಕ್ಕಳು.

"ಎಷ್ಟು ಬೆರಳಾತು?" ಹೊನ್ನೂರಪ್ಪ ಇಣುಕಿದ.

"ಸರೀರಿ ಆ ಕಡಿ!"

ಮತ್ತೆರಡು ಸಲ ಟವೆಲ್ ಕುಣಿಯಿತು. ಹುಡುಗಿ "ಡನ್ ಆಂಟೀ!" ಎಂದು ಕೂಗಿದಳು. ಜನ ಚಪ್ಪಾಳೆ ತಟ್ಟಿದರು. ಆದಿಲಕ್ಷ್ಮಿ ಆಚೆ ತಿರುಗಿ, ಸೆರಗು ಮರೆ ಮಾಡಿ, ಸಂಚಿಯಿಂದ ನೋಟು ಎಣಿಸಿ ಕೊಟ್ಟಳು. ಗಂಟೆ ಚೀಲಕ್ಕೆ ಬಿತ್ತು, ಚೀಲ ಹೊನ್ನೂರಪ್ಪನ ಕೈಗೆ ಬಂತು.

"ಎಷ್ಟಕ್ಕ ಕುದುರ್ತು?"

"ಹಡೆದ ತಾಯಿ ಮುಂದೂ ಹೇಳಂಗಿಲ್ಲಂತ. ನೀವ ಅಂದ್ರಲ್ಲ."

"ನಾ ಗಂಡ ಅದೀನಿ!"

"ಮೂವತ್ತು ವರ್ಸ ನಿಮ್ಮ ದಲಾಲಿ ರೊಕ್ಕ ಎಷ್ಟು ಅಂತ ಕೇಳ್ದಾಗೆಲ್ಲ ನನಗ ಇದ ಧರ್ಮ ಹೇಳೀರಿ. ಇವತ್ತು ನಾನೂ ಧರ್ಮಾತ್ಮಳು ಆದೆ."

ರೈಲಿನಲ್ಲಿ ಆದೋನಿ ಬರುವವರೆಗೂ ಅವನು ಅಂಗಲಾಚಿದ. ಎರಡು ಬೆರಳೋ, ಒಂದೋ, ಒಂದೂವರೆಯೋ? ಅವಳು ಕಿಟಕಿ ಕಡೆ ಮುಖ ಮಾಡಿ ಕಡಲೆಕಾಯಿ ಬಿಡಿಸುತ್ತ ಕುಳಿತಳು. ತನ್ನ ಟವೆಲ್ ಕೆಳಗೆ ನಡೆದ ವ್ಯಾಪಾರದ ರೇಟು ಗೊತ್ತಿಲ್ಲದ ದಲಾಲಿ ಇಡೀ ಜಿಲ್ಲೆಯಲ್ಲಿ ತಾನೊಬ್ಬನೇ ಎಂದು ಹೊನ್ನೂರಪ್ಪನಿಗೆ ನಿಜಕ್ಕೂ ಅಳು ಬಂತು.

ಮೂರನೇ ದಿನ ಬೆಳಿಗ್ಗೆ ಊರಿನ ಕೆಂಚಣ್ಣ ಫೋನ್ ಹಿಡಿದು ಓಡಿ ಬಂದ. ಅವನ ಜೋಡಿ ಎಮ್ಮೆಗೆ ಗಿರಾಕಿ ಬಂದಿದ್ದ. ಇಂಥ ಕರೆಗೇ ಕಾದಿದ್ದ ಹೊನ್ನೂರಪ್ಪ ಮೀಸೆ ತಿರುವಿ, ಟವೆಲ್ ಕೊಡವಿ ಎದ್ದ.

"ನಡೀ ಹೋಗೋಣು."

ಕೆಂಚಣ್ಣ ಕೆಮ್ಮಿದ. "ಅಣ್ಣಾ, ನೀ ಕುಂದ್ರು. ಅಕ್ಕ ಅದಾಳೇನು? ಗಿರಾಕಿ ಹೈದರಾಬಾದ್ ಸಂತಿ ರೀಲ್ಸ್ ನೋಡ್ಯಾನ. ವ್ಯಾಪಾರ ಆದ್ರ ಆ ಅಕ್ಕನ ಜತಿಗೇ ಅಂತ, ಟವೆಲ್ ಕೆಳಗ ಕೈ ಇಡಾಕ ಹೆಂಡ್ತೀನ ಕರ್ಕೊಂಡು ಬಂದಾನ... ಹೆಂಗಸ್ರ ವ್ಯಾಪಾರ ಹೆಂಗಸ್ರ ಜತಿಗೇ ಆಗ್ಲಿ ಅಂತ."

ಆದಿಲಕ್ಷ್ಮಿ ಒದ್ದೆ ಕೈ ಒರೆಸಿಕೊಂಡು ಹೊರಬಂದವಳು ಗಂಡನ ಹೆಗಲ ಮೇಲಿಂದ ಟವೆಲ್ ಎತ್ತಿಕೊಂಡಳು.

"ಎಮ್ಮಿ ರೇಟು ನಿಂಗೇನು ಗೊತ್ತೈತೇ?" ಹೊನ್ನೂರಪ್ಪ ಕಡೆಯ ಪ್ರಯತ್ನ ಮಾಡಿದ.

"ನಿಮ್ಮ ಜತಿಗೆ ಮೂವತ್ತು ವರ್ಸ ಬಾಳ್ವಿ ಮಾಡೀನಿ. ಎಮ್ಮಿ ನನಗೇನು ಹೊಸಾದಾ?" ಎಂದು ಅವಳು ಮೆಟ್ಟು ಹಾಕಿಕೊಂಡಳು. "ಒಲಿ ಮ್ಯಾಲ ಬ್ಯಾಳಿ ಐತಿ. ಉಕ್ಕದಂಗ ನೋಡ್ಕೋರಿ."

ಹೊನ್ನೂರಪ್ಪ ಒಳಗೆ ಹೋಗುವಷ್ಟರಲ್ಲಿ ಬೇಳೆ ಉಕ್ಕಿ ಒಲೆ ಆರಿತ್ತು.