ಬೇಕಿದ್ದರೆ ಹಾಕಿಕೊಳ್ಳಿ

ಹಾಲೇಶನ ಪ್ರೋಗ್ರಾಮಿನ ಮೇಲೆ ಇದ್ದದ್ದು ಒಂದೇ ದೂರು, ಅದೂ ದಾಕ್ಷಾಯಣಮ್ಮನದು.

"ನಮ್ಮನೆಗೆ ಮೆಸೇಜ್ ಬರೋ ಹೊತ್ತಿಗೆ ಸಾರು ಕುದ್ದು ಆರಿರುತ್ತೆ ಮಾರಾಯ. ಇನ್ಯಾವಾಗ ನೀರು ಹಿಡೀಲಿ?"

ಭದ್ರಾವತಿಯ ನ್ಯೂ ಟೌನಿನ ಪಕ್ಕದಲ್ಲಿ ನೂರಿಪ್ಪತ್ತು ಮನೆಗಳ ಆ ಬಡಾವಣೆಗೆ ಸ್ವಂತ ಬೋರ್‌ವೆಲ್, ಸ್ವಂತ ಟ್ಯಾಂಕು, ಸ್ವಂತ ಜಗಳಗಳಿದ್ದವು. ನೀರು ಬಿಡುವ ಹೊತ್ತು ಮಾತ್ರ ಕರೆಂಟಿನ ಮರ್ಜಿ. ಅದಕ್ಕೇ 2006ರಲ್ಲಿ ನಿವಾಸಿಗಳ ಸಂಘ ಒಂದು ಕಂಪ್ಯೂಟರ್ ಕೊಂಡು, ಶಿವಮೊಗ್ಗದ ಸವಳಂಗ ರಸ್ತೆಯಿಂದ ದಿನಾ ಬಸ್ಸಿನಲ್ಲಿ ಬರುವ ಹಾಲೇಶನನ್ನು ತಾತ್ಕಾಲಿಕವಾಗಿ ಅದರ ಮುಂದೆ ಕೂರಿಸಿತ್ತು.

ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಸಿಕ್ಕ ಒಂದು ಲೈಬ್ರರಿ, ಅಂದರೆ ಯಾರೋ ಬರೆದಿಟ್ಟ ಸಿದ್ಧ ಕೋಡಿನ ಗಂಟು, ಬಳಸಿ ಅವನು ಪ್ರೋಗ್ರಾಮ್ ಬರೆದಿದ್ದ. ಏನಾದರೂ ನಡೆಯುವ ತನಕ ಅದು ತೂಕಡಿಸುತ್ತ ಕೂತಿರುತ್ತಿತ್ತು. ಟ್ಯಾಂಕಿನ ವಾಲ್ವ್ ತೆರೆದ ಕೂಡಲೇ ಎದ್ದು, ಮನೆಮನೆಯ ಮೊಬೈಲಿಗೆ 'ನೀರು ಬಂದಿದೆ' ಎಂದು ಕಳಿಸುತ್ತಿತ್ತು. ಒಂದು ಮನೆಗೆ ಕಳಿಸಿ ಮುಗಿಸಿದ ಮೇಲಷ್ಟೇ ಇನ್ನೊಂದಕ್ಕೆ. ದಾಕ್ಷಾಯಣಮ್ಮನ ಮನೆ ಪಟ್ಟಿಯಲ್ಲಿ ಕಟ್ಟಕಡೆಯದು.

ಒಂದು ದಿನ ಸಂಜೆ ಸಂಘದ ಸಭೆಯಲ್ಲಿ ಹಾಲೇಶನ ಕೆಲಸ ಕಾಯಂ ಆಗುವುದಿತ್ತು. ಅದಕ್ಕೆ ಮೊದಲು ಇದೊಂದು ದೂರನ್ನೂ ನೀಗಿಸೋಣವೆಂದು ಬೆಳಿಗ್ಗೆ ಲೈಬ್ರರಿಯ ಕೈಪಿಡಿ ತಿರುವಿದ. ಕೊನೆಯಲ್ಲಿ, ಜೊತೆಗೆ ಸೇರಿಸಬಹುದಾದ ಮಾಡ್ಯೂಲುಗಳ, ಅಂದರೆ ಬಿಡಿ ಭಾಗಗಳ, ಪುಟವೊಂದಿತ್ತು. ಕಡ್ಡಾಯವೇನಿಲ್ಲ, ಬೇಕಿದ್ದರೆ ಹಾಕಿಕೊಳ್ಳಿ. ಅದರಲ್ಲೊಂದನ್ನು ಹಾಕಿಕೊಂಡರೆ ಎಲ್ಲ ಕೆಲಸವೂ ಏಕಕಾಲಕ್ಕೆ ಸರಸರ ಸಾಗುತ್ತದೆ.

"ನಡೀತಿರೋದನ್ನ ಯಾಕ್ ಕೆದಕ್ತೀರಿ?" ಎಂದಳು ಆಫೀಸಿನ ಗುಮಾಸ್ತೆ ಕವನಾ. "ಕಡ್ಡಾಯ ಅಲ್ಲ ಅಂತ ಅವರೇ ಬರೆದಿದಾರಲ್ಲ?"

"ಒಗ್ಗರಣೇನೂ ಕಡ್ಡಾಯ ಅಲ್ಲ ಮೇಡಂ. ಹಾಕ್ದೆ ಉಣ್ತೀರಾ?"

ಹಾಕಿಯೇಬಿಟ್ಟ.

ಹತ್ತೂವರೆಗೆ ನೀರು ಬಿಡುವ ಪುಟ್ಟಯ್ಯ ವಾಲ್ವ್ ತಿರುಗಿಸಿದ. ನೂರಿಪ್ಪತ್ತು ಮೊಬೈಲುಗಳು ಒಂದೇ ಉಸಿರಿಗೆ ಕಿಣಿಕಿಣಿಗುಟ್ಟಿದವು. ಹಾಲೇಶ ಆರತಕ್ಷತೆಯಲ್ಲಿ ನಿಂತ ಮದುಮಗನಂತೆ ಬೀಗಿದ. ದಾಕ್ಷಾಯಣಮ್ಮನೇ ಫೋನ್ ಮಾಡಿದರು.

"ಬಂತು ಕಣಪ್ಪ ಮೆಸೇಜು! ನಿನ್ ಹೊಟ್ಟೆ ತಣ್ಣಗಿರ್ಲಿ!"

ಎರಡು ನಿಮಿಷ ಬಿಟ್ಟು ಮತ್ತೆ ಫೋನು. "ಮೆಸೇಜೇನೋ ಬಂತು. ನೀರೆಲ್ಲೋ?"

ನೂರಿಪ್ಪತ್ತು ನಲ್ಲಿಗಳೂ ಒಟ್ಟಿಗೇ ತೆರೆದಿದ್ದವು. ಒಂದೊಂದೂ ರೇಗಿದ ಬೆಕ್ಕಿನಂತೆ ಬುಸುಗುಟ್ಟಿ, ಉದ್ಧರಣೆಯಷ್ಟು ನೀರು ಉಗುಳಿ ಸುಮ್ಮನಾಯಿತು. ಸರಸ್ವತಿ ಟೀಚರ್ ನಲ್ಲಿಗೆ ಮೋಟಾರ್ ಹಚ್ಚಿ ನೀರೆಳೆಯಲು ನೋಡಿದರು. ಅದನ್ನು ಕಂಡು ಇಡೀ ಬೀದಿಯೇ ಮೋಟಾರ್ ಹಚ್ಚಿತು. ಟ್ರಾನ್ಸ್‌ಫಾರ್ಮರಿನ ಫ್ಯೂಸ್ ಢಮ್ಮೆಂದಿತು.

ಅರ್ಧ ಗಂಟೆಯಲ್ಲಿ ಕರೆಂಟ್ ಬಂತು, ಕಂಪ್ಯೂಟರೂ ಎದ್ದಿತು. ಪ್ರೋಗ್ರಾಮ್ ಕಣ್ಣು ಬಿಟ್ಟು ನೋಡಿತು, ವಾಲ್ವ್ ತೆರೆದಿದೆ. ಹೊಸದಾಗಿ ನೀರು ಬಿಟ್ಟರೆಂದೇ ತಿಳಿದು ಇನ್ನೊಮ್ಮೆ ಎಲ್ಲರಿಗೂ ಕಳಿಸಿತು: 'ನೀರು ಬಂದಿದೆ.'

ಈ ಸಲ ಯಾರೂ ನಲ್ಲಿಯ ಹತ್ತಿರ ಹೋಗಲಿಲ್ಲ. ಖಾಲಿ ಕೊಡ ಹಿಡಿದು ನೇರ ಆಫೀಸಿಗೇ ಬಂದರು. ಎಲ್ಲರ ಮುಂದೆ ಸಂಘದ ಅಧ್ಯಕ್ಷ ಷಣ್ಮುಖಪ್ಪ. ಸೊಂಟಕ್ಕೊಂದು ಟವೆಲು, ತಲೆಯಿಂದ ಕಾಲಿನವರೆಗೆ ಒಣಗಿದ ಸೋಪು. ಸುಣ್ಣ ಬಳಿದ ಕಂಬವೇ ನಡೆದು ಬಂದಂತಿತ್ತು.

"ಏನೋ ಮಾಡ್ದೆ ನೀನು?"

"ಮೆಸೇಜ್ ಬೇಗ ಹೋಗ್ಲಿ ಅಂತ ಸಾರ್... ಎಲ್ರಿಗೂ ಒಟ್ಟಿಗೇ..."

ಪುಟ್ಟಯ್ಯ ತಲೆ ಕೆರೆದುಕೊಂಡ. "ಇಷ್ಟ್ ದಿನ ಅದು ಒಬ್ಬೊಬ್ರಿಗೇ ನಿಧಾನಕ್ಕೆ ಹೇಳ್ತಿತ್ತಲ್ಲ ಸ್ವಾಮಿ, ಅದಕ್ಕೇ ಎಲ್ರಿಗೂ ನೀರ್ ಸಿಕ್ತಿತ್ತು. ಇವ್ರು ಹಿಡಿದು ಮುಗಿಸೋ ಹೊತ್ಗೆ ಅವ್ರಿಗೆ ಗೊತ್ತಾಗ್ತಿತ್ತು."

ಹಾಲೇಶನ ಬಾಯಿಯೂ ನಲ್ಲಿಯಂತೆ ಒಣಗಿತು. "ಈಗ್ಲೇ ತೆಗೆದ್ಬಿಡ್ತೀನಿ ಸಾರ್, ಒಂದೇ ನಿಮಿಷ!"

"ಮುಟ್ಬೇಡ!" ಷಣ್ಮುಖಪ್ಪ ಕಣ್ಣಿನ ಸೋಪು ಒರೆಸಿಕೊಂಡರು. "ಆ ಪೆಟ್ಟಿಗೇನ ಇನ್ಯಾರು ನಂಬ್ತಾರೆ? ಸಂಜೆ ಮೀಟಿಂಗಲ್ಲಿ ತೀರ್ಮಾನ ಮಾಡ್ತೀವಿ."

ಸಂಜೆಯವರೆಗೆ ಹಾಲೇಶ ಟೀ ಕೂಡ ಕುಡಿಯಲಿಲ್ಲ. ಸಭೆ ಸೇರಿದ ಮೇಲೆ ಒಳಗೆ ಮಾತು ಏರಿತು, ಇಳಿಯಿತು, ಕೊನೆಗೆ ಚಪ್ಪಾಳೆ ಕೇಳಿಸಿತು. ಕವನಾ ಒಂದು ಕಾಗದ ಹಿಡಿದು ಹೊರಗೆ ಬಂದಳು.

"ಕಾಯಂ ಆಯ್ತು ಹಾಲೇಶ್. ಎಲ್ರೂ ಒಪ್ಪಿದ್ರು."

ಹಾಲೇಶನಿಗೆ ಕಣ್ತುಂಬಿ ಬಂತು. ಕಣ್ಣೊರೆಸಿಕೊಂಡು ಓದಿದ. ಕಂಪ್ಯೂಟರನ್ನು ಮಾರುವುದು. ನಾಳೆಯಿಂದ ವಾಲ್ವ್ ತೆರೆದ ಮೇಲೆ ಶ್ರೀ ಹಾಲೇಶ್ ಅವರು ಸೈಕಲ್ಲಿನಲ್ಲಿ ಹೋಗಿ, ಪಟ್ಟಿಯ ಪ್ರಕಾರ ನೂರಿಪ್ಪತ್ತು ಮನೆಗಳಿಗೂ ಒಂದೊಂದಾಗಿ ಸುದ್ದಿ ಮುಟ್ಟಿಸತಕ್ಕದ್ದು.

ಕೆಳಗೆ ಷಣ್ಮುಖಪ್ಪನವರ ಸ್ವಹಸ್ತಾಕ್ಷರದಲ್ಲಿ ಇನ್ನೊಂದು ಸಾಲಿತ್ತು: 'ಜೋರಾಗಿ ತುಳಿಯತಕ್ಕದ್ದಲ್ಲ.'