ಕಾರಿನ ತಲೆಯ ಮೇಲೆ ಹಲಸಿನ ಹಪ್ಪಳ

"ಗೀರು ಯಾರದೋ ದುಡ್ಡು ಅವರದು" ಎಂಬ ಕಾನೂನನ್ನು ಆ ಮನೆಯಲ್ಲಿ ಜಾರಿಗೆ ತಂದವರು ಸ್ವತಃ ಮುಕ್ತಕ್ಕ. ಕಾನೂನು ಮಾಡುವವರು ಮೊದಲು ತಮ್ಮ ಕಾಲಬುಡ ನೋಡಿಕೊಳ್ಳಬೇಕು ಎನ್ನುತ್ತಾರೆ. ಮುಕ್ತಕ್ಕ ಕಾಲಬುಡವನ್ನೇನೋ ನೋಡಿಕೊಂಡಿದ್ದರು, ಮರೆತದ್ದು ತಲೆಯನ್ನು. (ತಮ್ಮ ತಲೆಯಲ್ಲ, ಕಾರಿನ ತಲೆ.)

ಮಗ ಮಧ್ವೇಶ ಐರೋಲಿಯ ಕಂಪೆನಿಗೆ ಹೋಗಿಬರಲೆಂದು ಮೂರು ವರ್ಷದ ಕರಾರಿನ ಮೇಲೆ ಬಿಳಿ ಕಾರೊಂದನ್ನು ತಂದಿದ್ದ. ತಿಂಗಳು ತಿಂಗಳು ಕಂತು ಕಟ್ಟುವುದು, ಅವಧಿ ಮುಗಿದ ಮೇಲೆ ಫೈನಾನ್ಸಿನವರಿಗೆ ಕಾರನ್ನು ಒಪ್ಪಿಸುವುದು. ಆದರೆ ಡೊಂಬಿವಲಿಯ ಮನೆಯಿಂದ ಹೊರಟು ವಿಷ್ಣುಸಹಸ್ರನಾಮ ಎರಡು ಸಲ ಮುಗಿದರೂ ಶಿಳ್‌ಫಾಟಾದ ಟ್ರಾಫಿಕ್ ಮುಗಿಯುತ್ತಿರಲಿಲ್ಲ. ಬೇಸತ್ತ ಮಧ್ವೇಶ ಮತ್ತೆ ಲೋಕಲ್ ರೈಲು ಹಿಡಿದ. ಕಾರು ಬಿಲ್ಡಿಂಗಿನ ಮುಂದೆ ಬಿಸಿಲಲ್ಲಿ ತಪಸ್ಸಿಗೆ ನಿಂತಿತು.

"ಅವಧಿಗೆ ಮೊದಲೇ ವಾಪಸು ಕೊಟ್ಟುಬಿಡ್ತೇನೆ ಅಮ್ಮ," ಎಂದ ಅವನು ಒಂದು ದಿನ. "ಭಾನುವಾರ ಅವರ ಕಡೆಯವ ತಪಾಸಣೆಗೆ ಬರ್ತಾನೆ. ಸಾಮಾನ್ಯ ಸವೆತ ಆದ್ರೆ ಬಿಡ್ತಾರೆ. ನಾವೇ ಹಾಳು ಮಾಡಿದ್ದು ಅಂತ ಕಂಡ್ರೆ ದಂಡ."

ಮುಕ್ತಕ್ಕನ ಕಣ್ಣು ಸೊಸೆಯ ಕಡೆ ಹೊರಳಿತು. ನಿಶಾ ಡ್ರೈವಿಂಗ್ ಕಲಿತದ್ದು ಇದೇ ಕಾರಿನಲ್ಲಿ. ಕಲಿಯುವಾಗ ಪಾರ್ಕಿಂಗಿನ ಕಂಬಕ್ಕೆ ಬಾಗಿಲು ಸವರಿ ಗೀರು ಬಿದ್ದಿತ್ತು. ಆ ಕಂಬಪ್ರಸಂಗವನ್ನು ಮುಕ್ತಕ್ಕ ಮೂರೂ ಮಾಳಿಗೆಯವರಿಗೆ ಹರಿಕಥೆ ಮಾಡಿ ಹೇಳಿದ್ದರು.

"ದಂಡ ಬಂದ್ರೆ ನನ್ನ ಮಾಣಿ ಯಾಕೆ ಕೊಡ್ಬೇಕು?" ಎಂದರು ಮುಕ್ತಕ್ಕ. "ಗೀರು ಯಾರದೋ ದುಡ್ಡು ಅವರದು. ನನ್ನದಿದ್ರೆ ನನ್ನ ಪೆನ್ಶನ್ನಿಂದ ಕೊಡ್ತೇನೆ. ಆದ್ರೆ ನನ್ನದು ಎಲ್ಲಿಂದ ಬರ್ಬೇಕು? ನಾನೇನು ಸ್ಟೇರಿಂಗ್ ಹಿಡಿದವಳಾ?"

"ಚಾಲೇಲ್ ಅತ್ತೆ, ಆಗ್ಲಿ," ಎಂದಳು ನಿಶಾ. ಡೊಂಬಿವಲಿಯಲ್ಲೇ ಹುಟ್ಟಿದವಳು, ಸಿಟ್ಟು ಬಂದರೆ ಮರಾಠಿ ಬರುತ್ತದೆ. "ಯಾರದಿದ್ರೂ ಅವರೇ ಕೊಡ್ಲಿ."

"ಸರಿ, ಜಗಳ ಬೇಡ," ಎಂದ ಮಧ್ವೇಶ. "ಬಾಗಿಲು, ಬಂಪರು, ಮೇಲಿನ ಟಾಪು, ಎಲ್ಲ ನೋಡ್ತಾನೆ ಅವ."

"ಟಾಪೂ ನೋಡ್ತಾನಾ?" ಎಂದ ಮುಕ್ತಕ್ಕನ ಕೈಯಲ್ಲಿದ್ದ ಕಾಫಿ ಲೋಟ ಅರ್ಧದಲ್ಲೇ ನಿಂತಿತು.

ಕಾರಣವಿತ್ತು. ಬಿಲ್ಡಿಂಗಿನ ಸೊಸೈಟಿಯವರು ಗಚ್ಚಿಗೆ, ಅಂದರೆ ತಾರಸಿಗೆ, ಬೀಗ ಜಡಿದು ಎರಡು ವರ್ಷವಾಗಿತ್ತು. ಕಲ್ಯಾಣದ ಮಾರ್ಕೆಟ್ಟಿನಲ್ಲಿ ಒಳ್ಳೆಯ ಹಲಸಿನಕಾಯಿ ಸಿಕ್ಕಾಗ, ಉಡುಪಿಯಲ್ಲಿ ಹುಟ್ಟಿದ ಹೆಂಗಸು ಹಪ್ಪಳ ಒತ್ತದೆ ಇರಲು ಸಾಧ್ಯವೇ? ಒತ್ತಿದ ಮೇಲೆ ಒಣಗಿಸುವುದೆಲ್ಲಿ? ಕೆಳಗೆ, ದೇವರೇ ಇಟ್ಟ ಹಾಗೆ, ಯಾರೂ ಹತ್ತದ ಬಿಳಿ ಕಾರು. ಮಗ ಸೊಸೆ ಕೆಲಸಕ್ಕೆ ಹೋದ ಮೇಲೆ ಮುಕ್ತಕ್ಕ ಸ್ಟೂಲು ಹತ್ತಿ, ಟಾಪಿನ ಮೇಲೆ ಯಜಮಾನರ ಹಳೆಯ ಪಂಚೆ ಹಾಸಿ, ಹಪ್ಪಳ ಹರವಿ, ಗಾಳಿಗೆ ಹಾರದಂತೆ ನಾಲ್ಕು ಮೂಲೆಗೂ ಕಲ್ಲು ಹೇರುತ್ತಿದ್ದರು. ಸಂಜೆ ಪಂಚೆಯನ್ನು ಕಲ್ಲುಸಮೇತ ಸರಕ್ಕನೆ ಎಳೆಯುತ್ತಿದ್ದರು. (ಮತ್ತೆ ಸ್ಟೂಲು ಹತ್ತುವಷ್ಟು ಮಂಡಿಗೆ ಬಲವಿರಲಿಲ್ಲ.)

ತಪಾಸಣೆಯ ಮಾತು ಬಂದ ಮರುದಿನ ಯಾರೂ ಇಲ್ಲದಾಗ ಸ್ಟೂಲು ಹತ್ತಿ ನೋಡಿದರೆ ನಾಲ್ಕು ಮೂಲೆಯಲ್ಲೂ ಗೀರು. ಕೊಬ್ಬರಿ ಎಣ್ಣೆ ಹಚ್ಚಿ ತಿಕ್ಕಿದರು. ಗೀರುಗಳು ಇನ್ನೂ ಮಿಂಚಿದವು.

ಭಾನುವಾರ ಬಂದ ತಪಾಸಣಾಧಿಕಾರಿಯನ್ನು ಕಂಡು ಮುಕ್ತಕ್ಕನ ಜೀವಕ್ಕೆ ಜೀವ ಬಂತು. ಸೂರಜ್ ಎಂಬ ಆ ಹುಡುಗ ಅವರಿಗಿಂತ ನಾಲ್ಕು ಬೆರಳು ಎತ್ತರ, ಅಷ್ಟೇ. ಟಾಪು ಅವನ ಪಾಲಿಗೆ ಹಿಮಾಲಯ. ಮಾತಾಡಿಸಿದರೆ ಅವನ ಅಜ್ಜಿ ಮೂಡುಬಿದಿರೆಯವರಂತೆ, ಕನ್ನಡವೂ ಬರುತ್ತದಂತೆ!

ಅವನು ಬಾಗಿಲಿನ ಗೀರಿನ ಮೇಲೆ ಉಗುರಾಡಿಸಿದ. "ಇದು ಪಾಲಿಶಿಗೆ ಹೋಗ್ತದೆ. ಸಾಮಾನ್ಯ ಸವೆತ."

"ಸರಿಯಾಗಿ ನೋಡಪ್ಪ," ಎಂದರು ಮುಕ್ತಕ್ಕ. "ಕಂಬಕ್ಕೆ ತಾಗಿದ್ದದು."

"ಅತ್ತೆ, ನೀವು ಯಾರ ಪಾರ್ಟಿ?" ಎಂದಳು ನಿಶಾ.

ಅಷ್ಟರಲ್ಲಿ ಸೂರಜ್ ಚೀಲದಿಂದ ಸೆಲ್ಫಿ ಕೋಲು ತೆಗೆದು, ಮೊಬೈಲು ಸಿಕ್ಕಿಸಿ, ಟಾಪಿನ ಮೇಲೆ ಆಡಿಸಿಯೇ ಬಿಟ್ಟ. ಫೋಟೋ ನೋಡಿ ಅವನ ಹುಬ್ಬು ಗಂಟಾಯಿತು.

"ನಾಲ್ಕೂ ಕಡೆ ಗೀರುಂಟಲ್ಲ ಸರ್. ಇದೆಂತದು?"

"ನನಗೂ ಗೊತ್ತಿಲ್ಲ," ಎಂದ ಮಧ್ವೇಶ ಪ್ರಾಮಾಣಿಕವಾಗಿ.

"ಕಾಗೆ!" ಎಂದರು ಮುಕ್ತಕ್ಕ. "ಈ ಊರಿನ ಕಾಗೆಗಳ ಉಗುರು ನೀನು ನೋಡ್ಲಿಲ್ಲ ಮಗ."

ಸೂರಜ್ ತಲೆ ಕೆರೆದುಕೊಂಡ. "ಹಕ್ಕಿ ಆದ್ರೆ ಸವೆತಕ್ಕೇ ಹಾಕ್ಬಹುದು. ಬಿಡಿ."

ಗೆದ್ದ ಮುಕ್ತಕ್ಕ ಅವನನ್ನು ಮನೆಗೆ ಕರೆದು ಕೂರಿಸಿ, ಚಾದ ಜೊತೆ ಹಲಸಿನ ಹಪ್ಪಳ ಕರಿದು ಕೊಟ್ಟರು. ಅಲ್ಲಿಗೆ ಸುಮ್ಮನಿದ್ದಿದ್ದರೆ ಈ ಕಥೆಯೇ ಇಲ್ಲ.

"ಅಜ್ಜಿ, ಭಾರೀ ಲಾಯ್ಕುಂಟು!" ಎಂದ ಸೂರಜ್, ನಾಲ್ಕನೆಯದನ್ನು ಮುರಿಯುತ್ತ. "ಅಂಗಡೀದಾ? ಇಷ್ಟು ಸಮ ಒಣಗ್ಬೇಕಾದ್ರೆ ಮೆಷಿನ್ನಿನದ್ದೇ."

ಮುಕ್ತಕ್ಕನ ಮೈಯೆಲ್ಲ ಉರಿಯಿತು. ಕಳ್ಳಿ ಅಂದಿದ್ದರೆ ಸಹಿಸುತ್ತಿದ್ದರೇನೋ. ಹಪ್ಪಳ ಮೆಷಿನ್ನಿನದು ಎಂದರೆ?

"ಮೆಷಿನ್ನಾ? ಯಾವ ಮೆಷಿನ್ನಿಗೆ ಬರ್ತದೆ ಮಾರಾಯ ಇದು! ಮೇಲಿಂದ ಬಿಸಿಲು, ಅಡಿಯಿಂದ ಕಾದ ತಗಡು, ಎರಡೇ ದಿನ. ಗಚ್ಚಿಯಲ್ಲಿ ನಾಲ್ಕು ದಿನ ಇಟ್ರೂ ಹೀಗಾಗುದಿಲ್ಲ. ಪಂಚೆ ಬಿಗಿಯಾಗಿ ಎಳೆದು ನಾಲ್ಕು ಮೂಲೆಗೂ ಕಲ್ಲಿಡ್ಬೇಕು, ಇಲ್ಲದಿದ್ರೆ ಹಪ್ಪಳ ಮುದುಡ್ತದೆ."

"ಎಂತ ತಗಡಜ್ಜಿ?"

"ಕಾರಿನ ಟಾಪು, ಮತ್ತೆಂತದು!"

 ಮಧ್ವೇಶ ಚಾದ ಲೋಟವನ್ನು ಮೆಲ್ಲನೆ ಕೆಳಗಿಟ್ಟ. ಸೂರಜ್ ಬಾಯಲ್ಲಿದ್ದ ಹಪ್ಪಳವನ್ನು ಶಬ್ದವಾಗದಂತೆ ನುಂಗಿದ.

"ನಾಲ್ಕು ಮೂಲೆಗೂ ಕಲ್ಲು," ಎಂದ ಅವನು ದುಃಖದಿಂದ. "ಅಜ್ಜಿ, ನೀವು ಹೇಳ್ಬಾರ್ದಿತ್ತು. ಈಗ ಕಾಗೆ ಅಂತ ಹೇಗೆ ಬರೀಲಿ? ಪೂರಾ ಟಾಪಿಗೆ ಪೇಂಟ್ ಹಾಕ್ಬೇಕು."

ನಿಶಾ ಎದ್ದು ಹೋಗಿ ಮುಕ್ತಕ್ಕನ ಪರ್ಸನ್ನು ತಂದು, ಬಹಳ ವಿನಯದಿಂದ ಅವರ ಮಡಿಲಲ್ಲಿಟ್ಟಳು. "ಅತ್ತೆ, ಗೀರು ಯಾರದೋ..."

"ಗೊತ್ತುಂಟು, ಪೂರ್ತಿ ಹೇಳ್ಬೇಡ," ಎಂದರು ಮುಕ್ತಕ್ಕ. ಆಮೇಲೆ ಸೂರಜನ ಕಡೆ ತಿರುಗಿ, "ಪೂರಾ ಟಾಪಿನ ದುಡ್ಡು ನನ್ನದೇ ಅಲ್ವಾ? ಇನ್ನೊಂದು ಗೀರು ಬಿದ್ರೆ ದಂಡ ಜಾಸ್ತಿಯಾಗ್ತದಾ?"

"ಇಲ್ಲ ಅಜ್ಜಿ. ಒಂದಾದ್ರೂ ಅಷ್ಟೇ, ನೂರಾದ್ರೂ ಅಷ್ಟೇ."

"ಕಾರು ಯಾವಾಗ ಕೊಂಡು ಹೋಗ್ತೀರಿ?"

"ಗುರುವಾರ."

ಮುಕ್ತಕ್ಕ ಕಿಟಕಿಯಿಂದ ಬಿಸಿಲನ್ನು ಅಳೆದು ನೋಡಿದರು. ಸೋಮವಾರ ಬೆಳಿಗ್ಗೆ ಅವರು ಹಪ್ಪಳದ ಬುಟ್ಟಿ ಹಿಡಿದು ಕೆಳಗಿಳಿದಾಗ, ನಿಶಾ ಆಫೀಸಿಗೆ ರಜೆ ಹಾಕಿ ಸ್ಟೂಲಿನ ಮೇಲೆ ನಿಂತು ಪಂಚೆ ಹಾಸುತ್ತಿದ್ದಳು.

"ಈ ಸಲ ದೊಡ್ಡ ಕಲ್ಲೇ ಕೊಡಿ ಅತ್ತೆ," ಎಂದಳು. "ದುಡ್ಡು ನಿಮ್ಮದಲ್ವಾ?"