ಕೈಪಿಡಿಯೊಳಗಿನ ಕೊಸರು

ಮನುಷ್ಯರು ಹೇಳಿದ್ದನ್ನು ಅರ್ಧ ಕೇಳಿ ಎಡವಟ್ಟು ಮಾಡುತ್ತಾರೆ, ಕಂಪ್ಯೂಟರ್ ಪೂರ್ತಿ ಕೇಳಿ ಎಡವಟ್ಟು ಮಾಡುತ್ತದೆ. ಇಬ್ಬರ ನಡುವೆ ಸಿಕ್ಕಿಕೊಂಡಿರುವ ನನಗೆ ನಗುವಿಗೆ ಬರವಿಲ್ಲ. ಶ್ರೀನಿವಾಸಪುರದ ಮಾವಿನ ಹಣ್ಣನ್ನು ಆನ್‌ಲೈನಿನಲ್ಲಿ ಮಾರುವ ಅಂಗಡಿಯೊಂದಕ್ಕೆ ನಾನು ಕೈಪಿಡಿ ಬರೆಯುತ್ತೇನೆ. ಅದನ್ನು ಓದುವುದು ಏಐ ಏಜೆಂಟ್, ಅಂದರೆ ಆರ್ಡರ್ ನೋಡಿ ಪೆಟ್ಟಿಗೆಗಳನ್ನು ತಾನೇ ಕೊರಿಯರಿಗೆ ಒಪ್ಪಿಸುವ ಒಂದು ಪ್ರೋಗ್ರಾಂ. ವಿಳಾಸ ನೋಡುವ ಸಾಧನ ಯಾವುದು, ತೂಕ ನೋಡುವುದು ಯಾವುದು, ಯಾವುದನ್ನು ಯಾವಾಗ ಮುಟ್ಟಬಾರದು ಎಂದು ಅದಕ್ಕೆ ಬರೆದುಕೊಡಬೇಕು. ವರ್ಷಗಟ್ಟಲೆ ಶಾಲೆಯಲ್ಲಿ ವಿಜ್ಞಾನ ಹೇಳಿಕೊಟ್ಟವಳಿಗೆ ಇದೇನು ಮಹಾ ಎಂದುಕೊಂಡೇ ಸೇರಿದ್ದೆ.

ಅತ್ತೆಯ ಬೇಡಿಕೆ

ಯಲ್ದೂರಿನ ನನ್ನ ಸೋದರತ್ತೆಗೆ ಈ ಕೆಲಸವನ್ನು ಹೆಮ್ಮೆಯಿಂದ ವಿವರಿಸಿದೆ. ಬರೆದ ಹಾಗೇ ಮಾಡುತ್ತದಾ ಎಂದರು. ಮಾಡುತ್ತದೆ ಎಂದೆ. ಎದುರು ಮಾತಾಡುವುದಿಲ್ಲವಾ ಎಂದರು. ಇಲ್ಲ ಎಂದೆ. ಅತ್ತೆ ಜಗುಲಿಯಲ್ಲಿ ಪೇಪರ್ ಓದುತ್ತಿದ್ದ ಮಾವನ ಕಡೆ ಕೈ ತೋರಿಸಿ ಹೇಳಿದರು: "ಇವ್ರಿಗೂ ಒಂದು ಬರ್ಕೊಡೇ."

ನಂಬರ್ ಇರುವ ವಿಳಾಸ

ಮನೆ ನಂಬರ್ ಇಲ್ಲದ ವಿಳಾಸಕ್ಕೆ ಕಳಿಸಬೇಡ, ಗ್ರಾಹಕರನ್ನು ಕೇಳು ಎಂದು ಬರೆದಿದ್ದೆ. ಹೋಳೂರಿನ ಹಿರಿಯರೊಬ್ಬರು "ಹಿಟ್ಟಿನ ಗಿರಣಿ ಎದುರು, ನೀಲಿ ಗೇಟು" ಎಂದು ವಿಳಾಸ ಕೊಟ್ಟರು. ಏಜೆಂಟ್ ಮೂರು ಸಲ ನಂಬರ್ ಕೇಳಿತು. ಅವರು ನನಗೇ ಫೋನ್ ಮಾಡಿದರು. "ನಮ್ ಬೀದೀಲಿ ನಂಬರ್ ಇರೋದು ಕರೆಂಟ್ ಟ್ರಾನ್ಸ್‌ಫಾರ್ಮರ್‌ಗೆ ಮಾತ್ರ ಕಣಮ್ಮ."

ನಾನು ಕೈಪಿಡಿ ತಿದ್ದುವಷ್ಟರಲ್ಲಿ ಅವರು ಅದೇ ನಂಬರ್ ಕೊಟ್ಟುಬಿಟ್ಟಿದ್ದರು, ಏಜೆಂಟ್ ಹಣ್ಣು ಕಳಿಸಿಯೂ ಆಗಿತ್ತು. ಆಮೇಲೆ ವಿಚಾರಿಸಿದೆ. ಹಣ್ಣು ಚೆನ್ನಾಗಿತ್ತಂತೆ. ಅದಕ್ಕಾಗಿ ಟ್ರಾನ್ಸ್‌ಫಾರ್ಮರ್ ಕೆಳಗೆ ಅರ್ಧ ದಿನ ಕಾದಿದ್ದರಂತೆ, ಬೀದಿಯವರೆಲ್ಲ ಬಂದು ಕರೆಂಟ್ ಯಾವಾಗ ಬರುತ್ತದೆ ಎಂದು ಅವರನ್ನೇ ಕೇಳಿದರಂತೆ.

ಕೊಸರು

ಈ ಸಲದ ಸುಗ್ಗಿಯ ಮೊದಲ ದಿನ. ಬೆಳಗ್ಗೆಯೇ ಮಾಲೀಕರು ಫೋನಿನಲ್ಲಿ ಕೂಗಾಡಿದರು: ಒಂದು ಪೆಟ್ಟಿಗೆಯೂ ಹೊರಟಿಲ್ಲ, ನಿಮ್ಮ ಮಿಷನ್ ಎಲ್ಲವನ್ನೂ ತಡೆದು ನಿಲ್ಲಿಸಿದೆ. ಹುಲ್ಲಿನಲ್ಲಿಟ್ಟ ಹಣ್ಣು ಇನ್ನೆರಡು ದಿನ ಅಲ್ಲೇ ಕೂತರೆ ರಸವಾಗುತ್ತದೆ, ಮೊದಲ ದಿನವೇ ಅಂಗಡಿಯ ಹೆಸರು ಕೆಡುತ್ತದೆ. ನನ್ನ ಕೆಲಸವೂ ಹೋಗುತ್ತದೆ ಎಂದು ಅವರು ಹೇಳಲಿಲ್ಲ, ನನಗೇ ಅರ್ಥವಾಯಿತು.

ಪೆಟ್ಟಿಗೆ ಕಟ್ಟುವ ಶೆಡ್ಡಿಗೆ ಓಡಿದೆ. ಮಾಲೀಕರು ಕೆಂಪು ಮುಖ ಹೊತ್ತು ಬಾಗಿಲಲ್ಲೇ ನಿಂತಿದ್ದರು. ಮುಚ್ಚಿದ ಪೆಟ್ಟಿಗೆಯ ತೂಕ ಆರ್ಡರಿಗೆ ಹೊಂದದಿದ್ದರೆ ತಡೆ ಎಂದು ಬರೆದವಳು ನಾನೇ. ಮೂರು ಕಿಲೋ ಇರಬೇಕಾದ ಪೆಟ್ಟಿಗೆ ಒಂದೂ ಮೂರು ಕಿಲೋ ಇರಲಿಲ್ಲ, ಎಲ್ಲವೂ ಹೆಚ್ಚಿಗೆ ತೂಗುತ್ತಿದ್ದವು. ಅಷ್ಟು ಭಯದಲ್ಲೂ, ಏಜೆಂಟ್ ನನ್ನ ಮಾತನ್ನು ಅಕ್ಷರ ಬಿಡದೆ ಪಾಲಿಸಿದೆಯಲ್ಲ ಎಂದು ಒಳಗೊಳಗೇ ಹೆಮ್ಮೆಯಾಯಿತು.

ಪೆಟ್ಟಿಗೆ ಕಟ್ಟುವ ಚಾಚಾ, ಮಾಲೀಕರ ತಂದೆಯ ಕಾಲದಿಂದ ಇರುವವರು, ತಕ್ಕಡಿಯಲ್ಲಿ ತೂಕ ಮುಗಿದ ಮೇಲೆ ಪ್ರತಿ ಪೆಟ್ಟಿಗೆಗೂ ಎರಡು ಹಣ್ಣು ಮೇಲಿಡುತ್ತಿದ್ದರು. ನಾಳೆಯಿಂದ ಅದು ಬೇಡ ಎಂದೆ. ಅವರು ನನ್ನನ್ನು ಪಾಪ ಎಂಬಂತೆ ನೋಡಿದರು.

"ಕೊಸರು ಹಾಕ್ದೆ ಮುಚ್ಚಳ ಮುಚ್ಚೋಕೆ ನನ್ ಕೈ ಬರಲ್ಲ ಬೇಟಿ. ಮಿಷನ್‌ಗೇ ಹೇಳಿ."

ಅಲ್ಲೇ ಕೂತು ಹೇಳಿದೆ. ಕೈಪಿಡಿ ಇರುವುದು ಇಂಗ್ಲಿಷಿನಲ್ಲಿ. ಕೊಸರಿಗೆ ಅಲ್ಲಿ ಸರಿಯಾದ ಮಾತು ಸಿಗಲಿಲ್ಲ, ಹಾಗಾಗಿ ಅದನ್ನು ಹಾಗೇ ಇಟ್ಟೆ. ನಮ್ಮಲ್ಲಿ ಪ್ರತಿ ಪೆಟ್ಟಿಗೆಗೂ ಎರಡು ಹಣ್ಣು ಕೊಸರು ಇರುತ್ತದೆ, ಅಷ್ಟು ಹೆಚ್ಚು ತೂಗಿದರೆ ಕಳಿಸು, ಇಲ್ಲದಿದ್ದರೆ ತಡೆದು ವಿಚಾರಿಸು ಎಂದು ಬರೆದೆ. ಮಧ್ಯಾಹ್ನದೊಳಗೆ ಶೆಡ್ಡು ಖಾಲಿ. ನನ್ನ ಬದುಕಿನಲ್ಲಿ ಬರೆದ ಯಾವ ವಾಕ್ಯವೂ ಇಷ್ಟು ಹಣ್ಣು ಸಾಗಿಸಿರಲಿಲ್ಲ.

ಒಂದೇ ಒಂದು ಪೆಟ್ಟಿಗೆ ಉಳಿಯಿತು. ಮಾಲೀಕರ ಮುಖ ಮತ್ತೆ ಕೆಂಪಾಯಿತು. ಏನೆಂದು ನೋಡಿದರೆ ಏಜೆಂಟ್ ಬರೆದಿತ್ತು: ತೂಕ ಸರಿಯಾಗಿ ಮೂರು ಕಿಲೋ, ಕೊಸರು ಇಲ್ಲ, ಕಟ್ಟಿದವರನ್ನು ವಿಚಾರಿಸಿ.

ಕಟ್ಟಿದವರು ಯಾರು ಎಂದು ನಾನು ಕೇಳಿದೆ. ಶೆಡ್ಡಿನವರೆಲ್ಲ ಮಾಲೀಕರ ಕಡೆ ನೋಡಿದರು. ನಾನು ಕೈಪಿಡಿ ತಿದ್ದುತ್ತಿದ್ದಾಗ ಹಣ್ಣೊಂದೊಂದನ್ನೇ ತಕ್ಕಡಿಗೆ ಹಾಕಿ ತೆಗೆದು, ಚಾಚಾಗೆ ಸರಿಯಾದ ತೂಕ ಎಂದರೇನೆಂದು ತೋರಿಸಿಕೊಡಲು ಮಾಲೀಕರೇ ಕಟ್ಟಿದ್ದ ಪೆಟ್ಟಿಗೆ ಅದು.

ಚಾಚಾ ಮುಚ್ಚಳ ತೆಗೆದು, ಎರಡು ಹಣ್ಣು ಆರಿಸಿ ಅವರ ಕೈಗಿಟ್ಟರು.

"ಹಾಕಪ್ಪ," ಎಂದರು, "ಮಿಷನ್ ಕಾಯ್ತಾ ಐತೆ."